ದೀಪದವನ ಲೆಕ್ಕ

ಪೋಸ್ಟರಿನಲ್ಲಿ ಒಂದೇ ಹೆಸರು: ಸೋಲ್ರುನ್.
ಸರಿಯೇ. ನನ್ನದನ್ನೂ ಬರೆದಿದ್ದರೆ
'ಏಕವ್ಯಕ್ತಿ' ಅನ್ನುವ ಮಾತು ಸುಳ್ಳಾಗುತ್ತಿತ್ತು.
ಹನ್ನೆರಡು ಸ್ವಿಚ್ಚು, ಒಂದು ಫ್ಲಾಸ್ಕು ಕಾಫಿ,
ಮಂಡಿಯ ಮೇಲೆ ಬಿಚ್ಚಿಟ್ಟ ಅವಳ ಪದ್ಯ,
ಸಾಲು ಮರೆತರೆ ಪಿಸುಗುಟ್ಟಲು.
ಇಪ್ಪತ್ತಾರು ಪ್ರಯೋಗ, ಒಮ್ಮೆಯೂ ಮರೆತವಳಲ್ಲ.
ನಾನು ಕೂತು ಸಂಬಳ ತಿನ್ನುವವನು.

ಇವತ್ತು ಟ್ವೋರೊಯ್ರಿಯ ಹಳೆ ಉಪ್ಪಿನ ಗೋದಾಮು.
ಗೋಡೆಯಲ್ಲಿ ಇನ್ನೂ ಉಪ್ಪಿದೆ, ನೆಕ್ಕಿ ನೋಡಿದೆ.
ಗಾಳಿ ತಗಡು ಎತ್ತಿ ಎತ್ತಿ ಇಣುಕುತ್ತದೆ, ಟಿಕೆಟ್ಟಿಲ್ಲದೆ.
ಮೂವತ್ತು ಕುರ್ಚಿ, ಹದಿನೇಳು ಜನ,
ಕಾಲ ಬಳಿ ಮಲಗಿದ ಕುರಿನಾಯಿಯನ್ನೂ ಸೇರಿಸಿ
ಹದಿನೆಂಟು ಅಂತ ಬರೆದುಕೊಂಡೆ.

ಆಟದಲ್ಲಿ ಏಳು ಗಂಡಸರು, ಒಂದು ದೋಣಿ.
ಏಳೂ ಅವಳೇ. ದೋಣಿಯೂ ಅವಳೇ.
ಟೋಪಿ ಹಿಂದಕ್ಕೆ ಸರಿಸಿದರೆ ನಾಯಕ ಹೊಗ್ನಿ,
ಎಡಗಾಲು ಎಳೆದರೆ ಇಂಜಿನ್ನಿನ ಟ್ರೋಂಡುರ್,
ಕೈ ತೋಳೊಳಗೆ ಸೇರಿಸಿಕೊಂಡರೆ ಅಡುಗೆಯ ಹುಡುಗ, ಹದಿನಾರರವನು.
ಒಬ್ಬೊಬ್ಬನಿಗೂ ಒಂದೊಂದು ನಡೆ.
ಹೊಗ್ನಿಗೆ ಐದೈದು ಮಾತ್ರೆಯ ಹುಟ್ಟು:

    ಬಲೆಯನೆಳೆ, ಬೆರಳು ಸೆಡೆತರು ಬಿಡಲು ಬೇಡ;
    ಅಲೆಗೆ ಕರುಣೆಯ ಕಲಿಸಿದವರಾರು ಇಲ್ಲ.

ಹುಡುಗನಿಗೆ ಮೂರು ಮೂರರ ಕುಪ್ಪಳ:

    ನೀಲಿ ಉಣ್ಣೆ ಅಂಗಿ, ಅಮ್ಮ ಹೆಣೆದು ಕೊಟ್ಟುದು;
    ಮೇಲೆ ಬೆಳ್ಳಿ ಗುಂಡಿ ಎರಡು ಹೊಳೆದು ನಕ್ಕುದು.

ಸಮುದ್ರಕ್ಕೆ ಮಾತ್ರ ಪ್ರಾಸವಿಲ್ಲ.
ಏಳನೇ ಸ್ವಿಚ್ಚು ಒತ್ತಿದೆ. ರಂಗವೆಲ್ಲ ನೀಲಿ.

'ನೀಲಿಯಲ್ಲ.'

ಮೂರನೇ ಸಾಲಿನ ಮುದುಕಿ. ಸಿಟ್ಟಿಲ್ಲ ದನಿಯಲ್ಲಿ,
ಹಿಟ್ಟಿನ ಅಳತೆ ತಿದ್ದುವ ಹಾಗೆ.
'ಬೂದು. ನೀಲಿ ನೂಲು ಆ ವರ್ಷ ಅಂಗಡಿಗೆ ಬಂದೇ ಇರಲಿಲ್ಲ.
ಗುಂಡಿಯೂ ಇರಲಿಲ್ಲ.'

ಯಾರೂ ಅವಳತ್ತ ತಿರುಗಲಿಲ್ಲ.
ಊರಿಗೆ ಗೊತ್ತಿತ್ತು, ನಮಗಿಬ್ಬರಿಗೆ ಗೊತ್ತಿರಲಿಲ್ಲ.

ಸೋಲ್ರುನ್ ನಿಂತಳು. ಕೊನೆಗೂ ನನ್ನ ಸರದಿ:
ಹಾಳೆಯ ಮೇಲೆ ಬೆರಳೋಡಿಸಿದೆ,
ಇದಕ್ಕೆ ಸಾಲು ಬರೆದಿರಲಿಲ್ಲ.
ನೀಲಿ ಆರಿಸಿದೆ. ಬೂದು ಬಣ್ಣದ ದೀಪ ಯಾರು ಮಾರುತ್ತಾರೆ?
ಬಿಳಿಯದನ್ನು ಇಳಿಸಿ, ಇಳಿಸಿ,
ಕಾಲುಭಾಗಕ್ಕೆ ತಂದು ಕೈ ಬಿಟ್ಟೆ.
ಅವಳು ಕತ್ತೆತ್ತಿ ನಾನು ಕೂತ ಕತ್ತಲನ್ನು ನೋಡಿದಳು,
ಇಷ್ಟು ದಿನದಲ್ಲಿ ಮೊದಲ ಸಲ.

ಆಮೇಲೆ, ಕೈ ಇನ್ನೂ ತೋಳೊಳಗೆ,
ಹುಡುಗನಾಗಿಯೇ ಕೇಳಿದಳು:
'ಕತ್ತು ಚುಚ್ಚುತ್ತಿತ್ತಾ?'
'ಚುಚ್ಚುತ್ತಿತ್ತು,' ಅಂದಳು ಮುದುಕಿ. 'ಬೈದುಕೊಂಡೇ ತೊಟ್ಟ.'

ನಾಯಿ ಎದ್ದು, ಒಂದು ಸುತ್ತು ಹಾಕಿ, ಮತ್ತೆ ಮಲಗಿತು.

ಆಟ ಮುಗಿಸಿದಳು. ಏಳೂ ಜನ ಮುಳುಗಿದರು,
ಬರೆದ ಕ್ರಮದಲ್ಲಿಯೇ, ಹುಡುಗ ಕೊನೆಗೆ.
ಚಪ್ಪಾಳೆ ಬಿತ್ತು. ಮುದುಕಿ ತಟ್ಟಲಿಲ್ಲ,
ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು,
ಕೆಳಗಿನಿಂದ ಮೇಲಕ್ಕೆ, ನಿಧಾನ.

ಬೆಳಿಗ್ಗೆ ಹಡಗಿನ ಕ್ಯಾಂಟೀನಿನಲ್ಲಿ
ಅವಳು ಪೆನ್ಸಿಲ್ಲು ಕಚ್ಚಿ ಕೂತಿದ್ದಳು.
ಬೂದು ಬಂದರೆ ಗುಂಡಿಯ ಸಾಲು ಬಿದ್ದುಹೋಗುತ್ತದೆ,
ಎರಡನೇ ಅಕ್ಷರ ಹೊಂದಬೇಕು.
ನಾನು ಹಾದಿ ಅಂದೆ, ಬೀದಿ ಅಂದೆ. ತಲೆಯಾಡಿಸಿದಳು.
ಆಮೇಲೆ ಕರವಸ್ತ್ರದ ಕಾಗದದ ಮೇಲೆ ಬರೆದು ನನ್ನತ್ತ ತಳ್ಳಿದಳು:

    ಬೂದು ಉಣ್ಣೆ ಅಂಗಿ, ಅಮ್ಮ ಹೆಣೆದು ಕೊಟ್ಟುದು;
    ಬೈದುಕೊಂಡೆ ತೊಟ್ಟೆ, ಕತ್ತು ಚುಚ್ಚುತಿದ್ದುದು.

ಪ್ರಾಸ ಅವಳದಲ್ಲ. ಆ ಮುದುಕಿಯ ಬಾಯಲ್ಲಿ
ಎಷ್ಟು ವರ್ಷದಿಂದಲೋ ಕಾದಿತ್ತು.

ಏಳನೇ ಸ್ವಿಚ್ಚಿಗೆ ಟೇಪು ಸುತ್ತಿದ್ದೇನೆ.
ಮುಂದಿನ ಊರಿನಲ್ಲಿ ಯಾರಾದರೂ ಎದ್ದು
ಹೊಗ್ನಿ ಟೋಪಿಯನ್ನೇ ಹಾಕುತ್ತಿರಲಿಲ್ಲ ಅಂದರೆ?